ಕಿವಿಯ ಮೇಲೊಂದು ಪೆನ್ನು

ಕೇಳುಗರಿಗೆಲ್ಲ ನಮಸ್ಕಾರ. ಮಕ್ಕಳನ್ನು ಚಿತ್ರಕಲೆಗೆ ಸೇರಿಸಿರುವ ಅಪ್ಪ ಅಮ್ಮಂದಿರು, ಡ್ರಾಯಿಂಗ್ ಮೇಷ್ಟ್ರುಗಳು ರೇಡಿಯೊ ಮುಂದೆ ಕೂತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಚೀನಾದ ಕಲಾ ಕಾಲೇಜುಗಳಲ್ಲಿ ಹುಡುಗರಿಗೆ ಮೌಲ್ಯಗಳು ಹೇಗೆ ಬರುತ್ತವೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನನ್ನ ಉತ್ತರ ಒಂದೇ. ಯಾರ ಚಿತ್ರ ಬರೆಯಬೇಕೋ ಅವರ ಎದುರು ಹೋಗಿ ನಿಲ್ಲಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ತರಗತಿಯ ಪಾಠವೇನೂ ಅಲ್ಲಿ ಕಡಿಮೆ ಇಲ್ಲ. ಎಂಜಿನಿಯರ್ ಆಗುವವನಿರಲಿ, ಚಿತ್ರ ಬರೆಯುವವಳಿರಲಿ, ಮಾರ್ಕ್ಸ್‌ವಾದ, ಚೀನಾದ ಆಧುನಿಕ ಇತಿಹಾಸ, ನೀತಿ, ಕಾನೂನು ಓದಲೇಬೇಕು. 2020ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ, ಪ್ರತಿ ವಿಷಯದ ಮೇಷ್ಟ್ರೂ ತಮ್ಮ ಪಾಠದೊಳಗೇ ಮೌಲ್ಯ ಸೇರಿಸಿ ಹೇಳಿಕೊಡಬೇಕು ಎಂದಿತು. ಬಣ್ಣ ಕಲಸಲು ಕಲಿಸುವವರೂ ಬಿಡುವ ಹಾಗಿಲ್ಲ. ಸರಿ, ಹೇಳಿಕೊಡಲಿ. ಆದರೆ ಪರೀಕ್ಷೆಗೆ ಓದಿದ್ದು ಪರೀಕ್ಷೆ ಮುಗಿದ ಸಂಜೆಗೆ ಎಲ್ಲಿರುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ನನಗೆ ಇಷ್ಟವಾದ ಕಥೆಯೊಂದಿದೆ. 1975, ಚೊಂಗ್‌ಚಿಂಗ್ ನಗರ. ಚೀನೀ ಹೊಸ ವರ್ಷದ ಹಿಂದಿನ ದಿನ. ನಮ್ಮ ಯುಗಾದಿಯ ಹಾಗೆ, ಎಲ್ಲರೂ ಮನೆ ಸೇರಿ ಒಟ್ಟಿಗೆ ಊಟ ಮಾಡುವ ಹೊತ್ತು. ಲುವೊ ಝೊಂಗ್ಲಿ ಎಂಬ ಯುವಕ ಮನೆ ಹತ್ತಿರದ ಸಾರ್ವಜನಿಕ ಕಕ್ಕಸಿನ ಪಕ್ಕ ಒಬ್ಬ ರೈತನನ್ನು ನೋಡಿದರು. ಆ ಕಾಲದಲ್ಲಿ ಕಕ್ಕಸಿನದೇ ಹೊಲಕ್ಕೆ ಗೊಬ್ಬರ. ಬೇರೆಯವರು ಹೊತ್ತುಕೊಂಡು ಹೋಗದಿರಲಿ ಅಂತ ಆತ ಚಳಿಯಲ್ಲಿ ಅದನ್ನು ಕಾಯುತ್ತ ನಿಂತಿದ್ದ. ಬೆಳಿಗ್ಗೆ ನೋಡಿದಾಗಲೂ ಅಲ್ಲೇ. ಸಂಜೆಗೂ ಅಲ್ಲೇ.

ಮುಂದೆ ಲುವೊ ಸಿಚುವಾನ್ ಲಲಿತಕಲಾ ಸಂಸ್ಥೆಗೆ ಸೇರಿದರು. ಪಾಠಗಳನ್ನೂ ಕೇಳಿರುತ್ತಾರೆ. ಆದರೆ ವಿದ್ಯಾರ್ಥಿಯಾಗಿದ್ದಾಗಲೇ, 1980ರಲ್ಲಿ, ಎರಡು ಮೀಟರಿಗೂ ಎತ್ತರದ ಕ್ಯಾನ್ವಾಸ್ ಮೇಲೆ ಬರೆದದ್ದು ಒಬ್ಬ ಮುದಿ ರೈತನ ಮುಖ. ಅಷ್ಟು ದೊಡ್ಡ ಮುಖ ಎಂದರೆ ಆಗ ಜನಕ್ಕೆ ಗೊತ್ತಿದ್ದದ್ದು ಮಾವೊ ಅವರದು ಮಾತ್ರ! ತಲೆಗೆ ಬಿಳಿ ಬಟ್ಟೆ. ಉತ್ತ ಹೊಲದಂಥ ಸುಕ್ಕುಗಳು. ಬೆವರಿನ ಹನಿ. ಕೈಯಲ್ಲಿ ಒರಟು ಬಟ್ಟಲು, ಒಂದು ಬೆರಳಿಗೆ ಸುತ್ತಿದ ಪಟ್ಟಿ. ಹೆಸರು ‘ಅಪ್ಪ’.

ಪ್ರದರ್ಶನಕ್ಕೆ ಕಳಿಸುವ ಮುಂಚೆ ಹಿರಿಯರೊಬ್ಬರಿಗೆ ಚಿಂತೆ ಶುರುವಾಯಿತು. ಇವನು ಹಳೇ ಕಾಲದ ಬಡವನ ಹಾಗೆ ಕಾಣುತ್ತಾನೆ, ಹೊಸ ಸಮಾಜದ ರೈತ ಅಂತ ಗೊತ್ತಾಗಬೇಡವೇ? ಅವರ ಸಲಹೆಯಂತೆ ಲುವೊ ರೈತನ ಕಿವಿಯ ಮೇಲೆ ಒಂದು ಬಾಲ್‌ಪೆನ್ ಸಿಕ್ಕಿಸಿದರು. ಓದು ಬಲ್ಲ ರೈತ ಅಂತ ತೋರಿಸಲು!

ಸ್ವಲ್ಪ ಯೋಚಿಸಿ. ಆ ಸುಕ್ಕುಗಳನ್ನು ಯಾರೂ ಹೇಳಿ ಬರೆಸಲಿಲ್ಲ. ಪೆನ್ನನ್ನು ಹೇಳಿ ಬರೆಸಿದರು. ಪೆನ್ನು ಇಲ್ಲದಿದ್ದರೂ ಆ ಮುಖ ಅಷ್ಟೇ ಹೊತ್ತು ನಿಮ್ಮನ್ನು ನಿಲ್ಲಿಸುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಎದುರು ಹೋಗಿ ನಿಲ್ಲಬೇಕು.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಸಮಯವಾಯಿತಂತೆ. ಧರ್ಮದ ಜಾಗದಲ್ಲಿ ಸೌಂದರ್ಯ ಶಿಕ್ಷಣ ಬರಲಿ ಎಂದ ಚೀನೀ ಶಿಕ್ಷಣತಜ್ಞ ತ್ಸಾಯ್ ಯುವಾನ್‌ಪೇ ಬಗ್ಗೆ, ಅವರ ಪ್ರಯತ್ನದಿಂದ 1928ರಲ್ಲಿ ಹಾಂಗ್‌ಝೌನ ಕೆರೆ ದಂಡೆಯಲ್ಲಿ ಶುರುವಾದ ಕಲಾಶಾಲೆ ಬಗ್ಗೆ ಹೇಳಬೇಕೆಂದಿದ್ದೆ. ಹೋಗಲಿ. ಇವತ್ತಿಗೂ ಅಲ್ಲಿನ ಕಾಲೇಜುಗಳು ಹುಡುಗರನ್ನು ಸ್ಕೆಚ್ ಮಾಡಲು ಹಳ್ಳಿಗಳಿಗೆ ಕರೆದುಕೊಂಡು ಹೋಗುತ್ತವೆ. ಆನ್‌ಹುಯಿ ಪ್ರಾಂತ್ಯದ ಹೊಂಗ್‌ಚುನ್‌ನಂಥ ಹಳ್ಳಿಯಲ್ಲಿ ಕೊಳದ ಸುತ್ತ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಬಹಳ ಒಳ್ಳೆಯದು. ಆದರೆ ಸುಮ್ನೆ ಬಿಳಿ ಗೋಡೆ, ಕಪ್ಪು ಹೆಂಚು ಬರೆದು ಬಸ್ಸು ಹತ್ತಿದರೆ ಏನು ಬಂತು? ಆ ಮನೆಯ ಅಜ್ಜಿಯನ್ನು ಮಾತಾಡಿಸಿ ಬರಬೇಡವೇ?

ಲುವೊ 1998ರಲ್ಲಿ ತಾವು ಓದಿದ ಸಂಸ್ಥೆಗೇ ಮುಖ್ಯಸ್ಥರಾದರು. ‘ಅಪ್ಪ’ ಬೀಜಿಂಗ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯ ಸೇರಿದ. ಪೆನ್ನು ಇನ್ನೂ ಕಿವಿಯ ಮೇಲೇ ಇದೆ. ನಮಸ್ಕಾರ.