ನಿಬಾಲಿ ಗೆದ್ದದ್ದು ಇಳಿಜಾರಿನಲ್ಲಿ

ಈ ರಸ್ತೆ ನೋಡ್ಕೊಳ್ಳಿ. ಇಟಲಿಯ ಸಾನ್‌ರೆಮೊ ಪಕ್ಕದ ಪೊಜ್ಜೊ ಗುಡ್ಡ. ಏರು 3.7 ಕಿಲೋಮೀಟರ್, ಅಷ್ಟೇ. ಆದರೆ ಮಿಲಾನ್–ಸಾನ್‌ರೆಮೊ ಸೈಕಲ್ ರೇಸ್‌ನಲ್ಲಿ ಮಿಲಾನ್‌ನಿಂದ 285 ಕಿಲೋಮೀಟರ್ ತುಳಿದು ಬಂದ ಕಾಲಿಗೆ ಇದು ಸಣ್ಣ ಗುಡ್ಡ ಅಲ್ಲ. ನೆತ್ತಿಯಿಂದ ಗೆಲುವಿನ ಗೆರೆಗೆ ಇನ್ನು ಐದೂವರೆ ಕಿಲೋಮೀಟರ್.

2018ರ ಮಾರ್ಚ್ 17. ಲಾಟ್ವಿಯಾದ ನೀಲಾಂಡ್ಸ್ ಇಲ್ಲಿ ನುಗ್ಗಿದರು. ಇಟಲಿಯ ವಿನ್ಚೆಂಜೊ ನಿಬಾಲಿ ಅವರ ಬೆನ್ನಿಗೇ ಅಂಟಿಕೊಂಡರು, ನೆತ್ತಿ ಬರೋ ಮೊದಲೇ ಅವರನ್ನೂ ಹಿಂದೆ ಬಿಟ್ಟರು. ಹಿಂದಿನ ಗುಂಪಿಗಿಂತ ಮುಂದಿದ್ದದ್ದು ಹತ್ತು ಹನ್ನೆರಡು ಸೆಕೆಂಡು.

ಸಪಾಟು ರಸ್ತೆಯಲ್ಲಾದರೆ ಗುಂಪು ಅದನ್ನ ಸಲೀಸಾಗಿ ನುಂಗಿಬಿಡುತ್ತೆ. ಮುಂದಿನವನು ಗಾಳಿ ಸೀಳ್ತಾನೆ, ಹಿಂದಿನವರು ಉಸಿರು ಉಳಿಸ್ತಾರೆ, ಸರದಿ ಬದಲಾಗುತ್ತೆ. ಪೊಜ್ಜೊ ಇಳಿಜಾರಿನಲ್ಲಿ ಈ ಲೆಕ್ಕ ನಡೆಯಲ್ಲ. ರಸ್ತೆ ಕಿರಿದು, ಒಂದರ ಮೇಲೊಂದು ತಿರುವು, ಎಲ್ಲರೂ ಸಾಲಾಗಿ ಬರಬೇಕು. ಮುಂದಿನವನು ಸ್ವಲ್ಪ ಬ್ರೇಕ್ ಹಿಡಿದರೆ ಹಿಂದಿನವನು ಇನ್ನೂ ಜೋರಾಗಿ ಹಿಡೀಬೇಕು, ತಿರುವು ದಾಟಿ ಎದ್ದು ತುಳಿದು ಕಳೆದ ವೇಗ ಮತ್ತೆ ಗಳಿಸಬೇಕು. ಒಬ್ಬನೇ ಇದ್ದವನಿಗೆ ರಸ್ತೆಯ ಪೂರ್ತಿ ಅಗಲ ಸಿಗುತ್ತೆ: ಹೊರ ಅಂಚಿನಿಂದ ಹೊಕ್ಕು, ಒಳ ಅಂಚು ಸವರಿ, ಮತ್ತೆ ಹೊರಕ್ಕೆ.

ಇದರಲ್ಲಿ ಧೈರ್ಯಕ್ಕಿಂತ ಕ್ರಮ ಜಾಸ್ತಿ. ಕೈ ಹ್ಯಾಂಡಲಿನ ಕೆಳಬಾಗಿನ ಮೇಲೆ. ಬ್ರೇಕ್ ಕೆಲಸವೆಲ್ಲ ಸೈಕಲ್ ನೆಟ್ಟಗಿರುವಾಗಲೇ ಮುಗೀಬೇಕು. ಆಮೇಲೆ ಹೊರಗಿನ ಪೆಡಲ್ ಕೆಳಗೆ, ಮೈಭಾರ ಆ ಕಾಲಿನ ಮೇಲೆ, ಕಣ್ಣು ತಿರುವಿನ ಆಚೆಗೆ. ವಾಲಿದ ಮೇಲೆ ಗಾಬರಿಯಿಂದ ಮುಂದಿನ ಬ್ರೇಕ್ ಒತ್ತಿದಿರೋ, ಕೆಟ್ಟಿತು. ಟೈರಿಗೆ ಇರೋ ಹಿಡಿತ ಇಷ್ಟೇ. ತಿರುಗೋದಕ್ಕೂ ನಿಲ್ಲೋದಕ್ಕೂ ಅದನ್ನೇ ಹಂಚಬೇಕು.

ರೇಸ್ ಮುಗಿಯೋ ವಿಯಾ ರೋಮಾ ಬೀದಿಯಲ್ಲಿ ಗುಂಪು ಬೆನ್ನಿಗೇ ಬಂತು. ಫಲಿತಾಂಶದ ಪಟ್ಟಿಯಲ್ಲಿ ನಿಬಾಲಿಗೂ ಎರಡನೇ ಸ್ಥಾನದ ಕೇಲೆಬ್ ಯೂಅನ್‌ಗೂ ಒಂದೇ ಸಮಯ!

2010ರಲ್ಲಿ ಸ್ಪೇನ್‌ನ ವುಯೆಲ್ಟಾ, 2013ರಲ್ಲಿ ಇಟಲಿಯ ಜೀರೊ, 2014ರಲ್ಲಿ ಟೂರ್ ದ ಫ್ರಾನ್ಸ್, ಹೀಗೆ ಮೂರು ವಾರದ ಮೂರೂ ದೊಡ್ಡ ರೇಸ್ ಗೆದ್ದವರಿವರು. 2016ರ ಜೀರೊದಲ್ಲಿ ಮಾತ್ರ, ಇನ್ನು ಮೂರೇ ದಿನ ಬಾಕಿ ಇದ್ದಾಗ 4 ನಿಮಿಷ 43 ಸೆಕೆಂಡು ಹಿಂದಿದ್ದರು. 2,744 ಮೀಟರ್ ಎತ್ತರದ ಆಂಯೆಲ್ಲೊ ಕಣಿವೆದಾರಿ ಇಳಿಯುವಾಗ, ಒಟ್ಟಾರೆ ಮುಂದಿರೋರು ತೊಡೋ ಗುಲಾಬಿ ಜೆರ್ಸಿಯಲ್ಲಿದ್ದ ಕ್ರೌಸ್‌ವೈಕ್ ತಿರುವು ತಪ್ಪಿ ಹಿಮದ ಗೋಡೆಗೆ ಬಡಿದು ಪಲ್ಟಿ ಹೊಡೆದರು. ಇದನ್ನ ಬರೀ ಅದೃಷ್ಟ ಅನ್ನೋರಿದ್ದಾರೆ. ನಿಬಾಲಿ ಒತ್ತಡ ಇಲ್ಲದಿದ್ದರೆ ಆ ತಿರುವಿಗೆ ಆ ವೇಗ ಯಾಕೆ? ಆ ದಿನ ರಿಸೂಲ್‌ನಲ್ಲಿ ಒಂಟಿಯಾಗಿ ಗೆದ್ದು, ಮರುದಿನ, ಕ್ರೌಸ್‌ವೈಕ್ ನಂತರ ಜೆರ್ಸಿ ತೊಟ್ಟಿದ್ದ ಚಾವೆಸ್‌ರಿಂದ ಜೆರ್ಸಿ ಕಿತ್ತುಕೊಂಡು, ಕೊನೆಗೆ 52 ಸೆಕೆಂಡಿನ ಅಂತರದಲ್ಲಿ ಜೀರೊ ಗೆದ್ದರು.

ಅದೇ ಆಗಸ್ಟ್‌ನಲ್ಲಿ ಇಳಿಜಾರು ತಿರುಗಿಬಿತ್ತು. ರಿಯೊ ಒಲಿಂಪಿಕ್ಸ್‌ನಲ್ಲಿ ಮುಂದಿದ್ದ ಮೂವರಲ್ಲಿ ನಿಬಾಲಿ ಒಬ್ಬರು, ಬಾಕಿ ಸುಮಾರು 12 ಕಿಲೋಮೀಟರ್. ಕೊನೆಯ ಇಳಿಜಾರಿನಲ್ಲಿ ಮೂವರಲ್ಲಿ ಇನ್ನೊಬ್ಬರಾದ ಹೆನಾವೊ ಜೊತೆ ಬಿದ್ದು, ನಿಬಾಲಿಯ ಕಾಲರ್‌ಬೋನ್, ಅಂದರೆ ಕತ್ತು ಭುಜದ ನಡುವಿನ ಎಲುಬು, ಮುರಿಯಿತು. ಬೀಳದೆ ಉಳಿದ ಮೂರನೆಯವರು ಮೈಕಾಗೆ ಕಂಚು.

ಬಿದ್ದವರು ಮುಂದೆ ಬ್ರೇಕ್ ಮೇಲಿಂದ ಬೆರಳು ತೆಗೆಯಲ್ಲ ಅಂತಾರೆ. ಆದರೆ 2017ರಲ್ಲಿ ಇಟಲಿಯ ಲೊಂಬಾರ್ಡಿಯಾ ರೇಸ್‌ನಲ್ಲಿ, ಚಿವಿಲ್ಯೊ ಏರಿನಲ್ಲಿ ಮುಂದೆ ಹೋಗಿದ್ದ ಪಿನೊರನ್ನ ಹಿಡಿದು, ಅದರ ಇಳಿಜಾರಿನಲ್ಲೇ ಅವರನ್ನ ಕಳಚಿ, ನಿಬಾಲಿ ಒಬ್ಬರೇ ಕೊಮೊ ತಲುಪಿದರು. 2022ರ ಅಕ್ಟೋಬರ್ 8ರಂದು ವೃತ್ತಿಯ ಕೊನೆಯ ರೇಸ್ ಮುಗಿಸಿದ್ದೂ ಅದೇ ಊರಿನಲ್ಲಿ.