ತಡೆದು ಕಳಿಸುವ ಯಂತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನೆಟ್ ನಿಧಾನವಾದರೆ ನಾವು ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುತ್ತೇವೆ, ಅಲ್ವಾ? ನಿಮ್ಮ ಫೋನು ಹಾಗೆ ಮಾಡುವುದಿಲ್ಲ. ನೀವೊಂದು ಫೋಟೋ ಕಳಿಸುತ್ತಿದ್ದೀರಿ, ದಾರಿಯಲ್ಲಿ ದಟ್ಟಣೆ ಇದೆ ಅನ್ನಿ. ಅದು ತಾನಾಗಿಯೇ ವೇಗ ಇಳಿಸುತ್ತದೆ. ಯಾರೂ ಹೇಳಬೇಕಾಗಿಲ್ಲ. ಇವತ್ತು ಇದೊಂದು ಮಾತು ನಿಮ್ಮ ಮನಸ್ಸಲ್ಲಿ ಉಳಿದರೆ ಸಾಕು: ಕಳಿಸುವ ಯಂತ್ರ ತನ್ನನ್ನು ತಾನೇ ತಡೆದುಕೊಳ್ಳುವುದರಿಂದಲೇ ಇಂಟರ್ನೆಟ್ ನಡೆಯುತ್ತಿದೆ.

ಮೊದಲು ಹೀಗಿರಲಿಲ್ಲ. 1986ರ ಅಕ್ಟೋಬರ್. ಅಮೆರಿಕದ ಕ್ಯಾಲಿಫೋರ್ನಿಯಾ. ಗುಡ್ಡದ ಮೇಲೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಕೆಳಗೆ ಬರ್ಕ್ಲಿ ವಿಶ್ವವಿದ್ಯಾಲಯ. ನಡುವೆ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಕಡೆ ಇದ್ದಕ್ಕಿದ್ದಂತೆ 40 ಬಿಟ್ ಮಾತ್ರ ಹೋಗತೊಡಗಿತು. ಅಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ! ಎರಡು ಸಾವಿರ ಅಕ್ಷರದ ಒಂದು ಪುಟಕ್ಕೆ ಆರೂವರೆ ನಿಮಿಷಕ್ಕಿಂತ ಜಾಸ್ತಿ. ಆ ಪುಟವನ್ನು ಕೈಯಲ್ಲಿ ಹಿಡಿದು ನಡೆದಿದ್ದರೇ ಬೇಗ ತಲುಪುತ್ತಿತ್ತು.

ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಇದರ ಬೆನ್ನು ಹತ್ತಿದರು. ತಂತಿಯಲ್ಲಿ ದೋಷ ಇರಲಿಲ್ಲ. ನಾವು ಕಳಿಸುವುದೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ, ಒಂದೊಂದು ತುಂಡೂ ಒಂದು ಪ್ಯಾಕೆಟ್. ಕಳಿಸಿದ ಪ್ಯಾಕೆಟ್ಟಿಗೆ ‘ತಲುಪಿತು’ ಅನ್ನುವ ಉತ್ತರ ತಡವಾದರೆ ಕಂಪ್ಯೂಟರು ಅದನ್ನೇ ಇನ್ನೊಮ್ಮೆ ಕಳಿಸುತ್ತಿತ್ತು. ಎಷ್ಟೋ ಸಲ ಮೊದಲನೆಯದು ಕಳೆದೇ ಹೋಗಿರುತ್ತಿರಲಿಲ್ಲ, ಸರದಿಯಲ್ಲಿ ಕಾಯುತ್ತಿತ್ತು. ಅದರ ಹಿಂದೆ ಅದರದೇ ನಕಲು! ಎಲ್ಲ ಕಂಪ್ಯೂಟರುಗಳೂ ಹೀಗೇ ಮಾಡಿದರೆ ದಾರಿ ತುಂಬಾ ನಕಲುಗಳೇ.

ಅವರು ಕಂಡುಕೊಂಡ ಪರಿಹಾರ ಎಷ್ಟು ಸರಳ ನೋಡಿ. ಮೊದಲು ಒಂದೇ ಪ್ಯಾಕೆಟ್ ಕಳಿಸು. ಉತ್ತರ ಬಂತಾ, ಎರಡು ಕಳಿಸು. ಆಮೇಲೆ ನಾಲ್ಕು. ಒಂದು ಕಳೆದುಹೋಯಿತಾ, ದಾರಿ ತುಂಬಿದೆ ಅಂತ ತಿಳಿದು ತಕ್ಷಣ ಕಡಿಮೆ ಮಾಡು. ಹೊಸ ತಂತಿ ಬೇಕಾಗಲಿಲ್ಲ. ದಾರಿ ಕಾಯುವ ಪೊಲೀಸಪ್ಪ ಬೇಕಾಗಲಿಲ್ಲ. 1988ರಲ್ಲಿ ಜೇಕಬ್‌ಸನ್ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ನನಗಂತೂ ಈ ಕೆಲಸದ ಮೇಲೆ ಅಪಾರ ಗೌರವ.

ಅದೇ ಕಾಲದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಅನ್ನುವ ಅಮೆರಿಕದ ಕಂಪ್ಯೂಟರ್ ಕಂಪನಿಯಲ್ಲಿ ಇದೇ ಪ್ರಶ್ನೆ ಹಿಡಿದು ಕೂತವರಲ್ಲಿ ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್ ಇದ್ದರು. ಇಬ್ಬರೂ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ದಟ್ಟಣೆಯಾದಾಗ ಒಮ್ಮೆಲೇ ಇಳಿಸಿದರೆ ಎಲ್ಲರಿಗೂ ಸಮಪಾಲು ಸಿಗುತ್ತದೆ ಅಂತ ಜೈನ್ ಮತ್ತು ಅವರ ಜೊತೆಗಾರ ದಾ-ಮಿಂಗ್ ಚಿಯು 1989ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು. ಈಗ ಸಮಯವಿಲ್ಲ.

ಒಂದು ವಿಷಯ ಮಾತ್ರ ಹೇಳಲೇಬೇಕು. ಮನೆಯಲ್ಲಿ ಯಾರೋ ದೊಡ್ಡ ವೀಡಿಯೊ ಅಪ್‌ಲೋಡ್ ಮಾಡುವಾಗ ನಿಮ್ಮ ವೀಡಿಯೊ ಕಾಲ್ ತಡವರಿಸುತ್ತದಾ? ಸುಮ್ನೆ ದುಬಾರಿ ಪ್ಲಾನ್ ಹಾಕಿಸಲು ಓಡಬೇಡಿ. ಎಷ್ಟೋ ರೌಟರುಗಳು, ಅಂದರೆ ಮನೆಗೆ ನೆಟ್ ಹಂಚುವ ಪೆಟ್ಟಿಗೆಗಳು, ಪ್ಯಾಕೆಟ್ಟುಗಳನ್ನು ಬೀಳಿಸದೆ ಗುಡ್ಡೆ ಹಾಕಿಕೊಳ್ಳುತ್ತವೆ. ನಿಮ್ಮ ಕಾಲ್ ಆ ಗುಡ್ಡೆಯ ಹಿಂದೆ ಕಾಯುತ್ತದೆ. ಯಾವುದೂ ಬೀಳದಿದ್ದರೆ ದಾರಿ ತುಂಬಿದೆ ಅಂತ ಕಳಿಸುವ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಗೊತ್ತಾಗದೆ ಅದು ತಡೆದುಕೊಳ್ಳುವುದು ಹೇಗೆ? ಇದಕ್ಕೂ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಜೇಕಬ್‌ಸನ್ ಅವರೇ ಒಂದು ಪರಿಹಾರ ಕೊಟ್ಟರು. ಕೆಲವು ರೌಟರುಗಳಲ್ಲಿ ಅದು ಎಸ್‌ಕ್ಯೂಎಂ (SQM), ಅಂದರೆ ಸರದಿಯನ್ನು ಜಾಣತನದಿಂದ ನಿಭಾಯಿಸುವ ಸೆಟ್ಟಿಂಗಿನಲ್ಲಿದೆ. ನಿಮ್ಮದರಲ್ಲಿ ಇದ್ದರೆ ಇವತ್ತೇ ಆನ್ ಮಾಡಿ ನೋಡಿ.

ನಮಸ್ಕಾರ.