ಬೆಂಡಿಲ್ಲದ ಗಾಳ, ಬಿಗಿ ದಾರ

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತ ನಾ ಹೇಳಾಕ ಬಂದದ್ದು ಮೀನ ಹಿಡಿಯೋ ಒಂದು ಪದ್ಧತಿ ಬಗ್ಗೆ, ಟೈಟ್ ಲೈನ್ ನಿಂಫಿಂಗ್ ಅಂತಾರ ಅದಕ್ಕ, ಫ್ಲೈ ಫಿಶಿಂಗ್ ಒಳಗಿಂದ ಒಂದು ಕವಲು. ಫ್ಲೈ ಫಿಶಿಂಗ್ ಅಂದ್ರ ಎರಿಹುಳ ಇಲ್ಲ, ಹಿಟ್ಟಿನ ಉಂಡಿ ಇಲ್ಲ, ಗಾಳದ ಮುಳ್ಳಿಗೆ ನೂಲು ಪುಕ್ಕ ಸುತ್ತಿ ಹುಳದಂಗ ಮಾಡಿ ಮೀನಿನ ಮುಂದ ಬಿಡೋದು. ಟಿವಿ ಒಳಗ ನೋಡಿರ್ತೀರಿ, ಉದ್ದನ್ನ ಕೋಲ ಹಿಡಕೊಂಡು ದಪ್ಪ ದಾರಾನ ತಲಿ ಮ್ಯಾಲೆ ಹಿಂದ ಮುಂದ ಬೀಸ್ತಿರ್ತಾರ, ನೋಡಾಕ ಭಾಳ ಚೆಂದ ಇರತೈತಿ, ಆದ್ರ ಇದರಾಗ ಆ ಬೀಸಾಟ ಇಲ್ರಿ. ಇಲ್ಲಿ ಕೆಲಸ ಎಲ್ಲಾ ನೀರಿನ ತಳದಾಗ.

ತಳದಾಗ ಯಾಕಂದ್ರ, ಟ್ರೌಟ್ ಅನ್ನೋ ಮೀನ ತನ್ನ ಊಟ ಬಹುಪಾಲು ನೀರಿನ ಒಳಗ ಮಾಡತೈತಿ. ಮೇಫ್ಲೈ, ಸ್ಟೋನ್‌ಫ್ಲೈ ಅಂತ ಹುಳ ಅದಾವಲ್ಲ, ರೆಕ್ಕಿ ಬಂದು ಹಾರೋದು ಕೆಲವೇ ದಿವಸ, ಅದಕ್ಕಿಂತ ಮೊದಲ ತಿಂಗಳುಗಟ್ಟಲೆ ಕಲ್ಲಿನ ಬುಡಕ್ಕ ಮರಿಯಾಗಿ ಇರ್ತಾವ, ಆ ಮರಿಗೇ ನಿಂಫ್ ಅನ್ನೋದು. ನಮ್ಮ ಖಾನಾಪುರ ಕಡೆ ಹಳ್ಳದಾಗೂ ಒಂದು ಕಲ್ಲ ಎತ್ತಿ ತಿರುವಿ ನೋಡ್ರಿ, ಚಪ್ಪಟಿ ಮೈ, ಆರ ಕಾಲು, ಹಿಂದ ಕೂದಲದಂಥ ಬಾಲ, ಕಲ್ಲಿಗೆ ಅಂಟಿಕೊಂಡು ಸರ್ರ್ ಅಂತ ಆ ಕಡೆ ಬದಿಗೆ ಓಡತಾವ. ಅದರ ನಕಲು ಮಾಡಿ, ಅದು ಹೆಂಗ ಕಾಲ ಜಾರಿ ಸೆಳವಿನ್ಯಾಗ ತೇಲಿಕೊಂಡು ಹೋಗತೈತೋ ಹಂಗ ಬಿಡಬೇಕು. ಇಷ್ಟ ವಿದ್ಯಾ.

ಆದ್ರ ಈ ಇಷ್ಟರಾಗ ಒಂದು ಪೇಚ ಐತಿ. ಹೊಳಿ ನೀರು ಮ್ಯಾಲಿಂದ ತಳದ ತನಕ ಒಂದ ವೇಗದಾಗ ಹರಿಯೂದಿಲ್ರಿ. ಮ್ಯಾಲಿನ ನೀರು ಓಡತೈತಿ, ತಳದಾಗಿನ ನೀರು ಕಲ್ಲಿಗೆ ತಿಕ್ಕಾಡಿ ತಿಕ್ಕಾಡಿ ನಿಧಾನ ಆಗಿರತೈತಿ, ಮೀನ ಅದಕ್ಕ ಅಲ್ಲಿ ನಿಲ್ಲತೈತಿ, ಕಡಿಮಿ ಶಕ್ತಿ ಖರ್ಚು, ಊಟ ಮಾತ್ರ ತಾನ ಬಾಯಿ ಮುಂದ ಬರತೈತಿ. ಈಗ ನೀವು ದಾರಕ್ಕ ಬೆಂಡ ಕಟ್ಟಿದ್ರಿ ಅಂದ್ರ ಬೆಂಡ ಮ್ಯಾಲಿನ ನೀರಿನ ಜೋಡಿ ಓಡತೈತಿ, ತಳದಾಗಿನ ಹುಳಾನ ದರದರಾ ಎಳಕೊಂಡು ಹೋಗತೈತಿ, ಸುತ್ತಲಿನ ಖರೇ ಹುಳ ಎಲ್ಲಾ ಸಾವಕಾಶ ಹೊಂಟಾವ, ಇದೊಂದ ಬಸ್ ತಪ್ಪತೈತಿ ಅನ್ನೋರಂಗ ಓಡತೈತಿ. ಟ್ರೌಟ್ ಅಷ್ಟ ದಡ್ಡ ಅಲ್ಲ.

ಇದನ್ನ ನನಗ ಮೊದಲ ಹೇಳಿದವ್ರು ವಿದೇಶದ ಎಕ್ಸ್‌ಪರ್ಟ್ ಅಲ್ರಿ, ಘಟಪ್ರಭಾ ದಂಡಿ ಮ್ಯಾಲೆ ಗಾಳ ಹಾಕೋ ಒಬ್ಬ ಕಾಕಾ. ಸೆಳವ ಇದ್ದಲ್ಲಿ ಅವರು ಬೆಂಡ ಕಟ್ಟೂದಿಲ್ಲ, ಸಣ್ಣ ಸೀಸದ ಗುಂಡ ಕಟ್ಟಿ ದಾರ ತೋರಬೆರಳಿನ ಮ್ಯಾಲೆ ಹಾಯಿಸಿಕೊಂಡು ಕೂಡ್ತಾರ. ಕಾಕಾ ಬೆಂಡ ಯಾಕ ಬ್ಯಾಡ್ರಿ ಅಂತ ಕೇಳಿದ್ರ, "ಸೆಳವಿನ್ಯಾಗ ಬೆಂಡ ಓಡಿ ಹೋಗತೈತೋ ತಮ್ಮಾ, ಗಾಳಾನೂ ಕರಕೊಂಡ ಹೋಗತೈತಿ, ನಿಂತ ನೀರಿಗೆ ಅಷ್ಟ ಬೆಂಡ" ಅಂದ್ರು. ಯುರೋಪಿನಾಗ ಪೋಲಂಡ್‌ದವರು, ಝೆಕ್‌ದವರು 1980ರ ದಶಕದಾಗ ಜಾಗತಿಕ ಸ್ಪರ್ಧೆಯೊಳಗ ಈ ಥರಾ ಮೀನ ಹಿಡದು ಎಲ್ಲಾರ ಕಣ್ಣ ತೆರಸಿದ್ರು, ಆಮ್ಯಾಲೆ ಫ್ರಾನ್ಸ್, ಸ್ಪೇನ್‌ದವರು ತಮ್ಮ ತಮ್ಮ ರೀತಿ ಸೇರಿಸಿದ್ರು. ಆ ಸ್ಪರ್ಧೆ ನಿಯಮದಾಗ ದಾರಕ್ಕ ಬೆಂಡ ಕಟ್ಟಂಗಿಲ್ಲ, ಬ್ಯಾರೆ ಭಾರಾನೂ ಕಟ್ಟಂಗಿಲ್ಲ, ಹಿಂಗಾಗಿ ಭಾರ ಎಲ್ಲಾ ಹುಳದ ಒಳಗ ಹೋತು, ಕಣ್ಣು ದಾರದ ಮ್ಯಾಲೆ ಬಂತು.

ಈಗ ದಾರದ ಮಾತಿಗೆ ಬರೂಣು, ಇದು ನನಗ ಭಾಳ ಇಷ್ಟದ ಭಾಗ, ಯಾಕಂದ್ರ ನಾ ಬೆಳಗಾವಿ ಉದ್ಯಮಬಾಗದಾಗ ಮಷೀನ್ ಶಾಪಿನ್ಯಾಗ ಕೆಲಸ ಮಾಡಾಂವ. ಮಾಮೂಲಿ ಫ್ಲೈ ಲೈನ್ ದಪ್ಪ, ವಜ್ಜಾ, ಕೋಲಿನ ತುದಿಯಿಂದ ನೀರಿನ ತನಕ ಜೋಲ ಬೀಳತೈತಿ, ಆ ಜೋಲ ತನ್ನ ಭಾರಕ್ಕ ತಾನ ಹುಳಾನ ನಿಮ್ಮ ಕಡೆ ಎಳೀತೈತಿ. ಅದಕ್ಕ ಇಲ್ಲಿ ದಪ್ಪ ಲೈನ್ ರೀಲಿನ ಒಳಗ ಇರಲಿ, ಹೊರಗ ಬರೂದು ಉದ್ದನ್ನ ಬರೇ ನೈಲಾನ್ ದಾರ, ಸುಮಾರು 20 ಫೂಟ್. ಅದರ ಕೊನಿಗೆ ಸೈಟರ್ ಅಂತ ಕಣ್ಣಿಟ್ಟು ನೋಡಾಕ ಬಣ್ಣದ ದಾರ ಒಂದೂವರಿ ಫೂಟ್, ಹಳದಿ ಒಂದು ತುಂಡು, ಗುಲಾಬಿ ಇಲ್ಲಾ ಕೇಸರಿ ಒಂದು ತುಂಡು, ಅದಕ್ಕ ಸಣ್ಣ ರಿಂಗ್, ರಿಂಗಿನ ಕೆಳಗ ಟಿಪ್ಪೆಟ್ ಅಂತ ತೆಳ್ಳನ್ನ ದಾರ. ಟಿಪ್ಪೆಟ್ ಡಬ್ಬಿ ಮ್ಯಾಲೆ 5 ಎಕ್ಸ್, 6 ಎಕ್ಸ್ ಅಂತ ಬರದಿರತೈತಿ, ಭಾಳ ಮಂದಿ ಇದಕ್ಕ ಹೆದರತಾರ. ಲೆಕ್ಕ ಸರಳ ಐತ್ರಿ, 11ರಾಗ ಆ ನಂಬರ ಕಳೀರಿ, ಬಂದದ್ದು ಥೌ. 5 ಎಕ್ಸ್ ಅಂದ್ರ 6 ಥೌ, 6 ಎಕ್ಸ್ ಅಂದ್ರ 5 ಥೌ, ಅಂದ್ರ ಇಂಚಿನ ಸಾವಿರದಾಗ ಐದು ಪಾಲು, ಮಿಲಿಮೀಟರ್‌ನಾಗ 0.127. ಲೇಥ್ ಮ್ಯಾಲೆ ಕೆಲಸ ಮಾಡೋ ಹುಡುಗರಿಗೆ ಇದನ್ನ ಒಂದ ಸಲ ಹೇಳಿದ್ರ ಸಾಕು, ಮೈಕ್ರೋಮೀಟರ್ ತಗದು ಅಳದ ನೋಡ್ತಾರ, ನಾನೂ ಅಳದೇನಿ. ದಾರ ತೆಳ್ಳಗಾದಷ್ಟು ನೀರು ಅದನ್ನ ಹಿಡಕೊಳ್ಳೂದು ಕಡಿಮಿ, ಹುಳ ಬ್ಯಾಗನ ತಳಕ್ಕ ಇಳೀತೈತಿ. ತೆಳ್ಳಗಿದ್ರ ಮೀನಕ್ಕ ಕಾಣಂಗಿಲ್ಲ ಅಂತಾರ, ಅದೂ ಇರಬಹುದು, ಆದ್ರ ಇಳಿಯೋದ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ಭಾರಕ್ಕ ಟಂಗ್‌ಸ್ಟನ್ ಮಣಿ. ಹಿತ್ತಾಳಿ ಸಾಂದ್ರತಾ ಸುಮಾರು 8.5, ಸೀಸದ್ದು 11.3, ಟಂಗ್‌ಸ್ಟನ್‌ದು 19.3. ಅಷ್ಟ ಗಾತ್ರದ ಮಣಿ, ಭಾರ ಮಾತ್ರ ಹಿತ್ತಾಳಿದ್ದಕ್ಕಿಂತ ಎರಡ ಪಟ್ಟು ಮ್ಯಾಲೆ, ಸಣ್ಣ ಹುಳದಾಗ ಇಷ್ಟು ತೂಕ ಹಿತ್ತಾಳಿ, ಸೀಸ ಕೊಡಾಕಾಗೂದಿಲ್ಲ. ಇದನ್ನ ನಮ್ಮ ಫೌಂಡ್ರಿ ಭಟ್ಟಿಯೊಳಗ ಕಾಸಿ ಎರೀತೀನಿ ಅಂದ್ರ ಆಗೂದಲ್ಲ ಮತ್ತ, ಕರಗಾಕ 3400 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಕಬ್ಬಿಣದ ಎರಡರಷ್ಟಕ್ಕಿಂತ ಹೆಚ್ಚು, ರೆಡಿ ಮಣಿನ ತರಸ್ಕೋಬೇಕು. ಮುಳ್ಳು ಜಿಗ್ ಹುಕ್ ಅಂತ ಬರತಾವ, ದಾರ ಕಟ್ಟೋ ಕಣ್ಣಿನ ಹತ್ತರ ಬಾಗಿರತಾವ, ಮಣಿ ಹಾಕಿದ ಮ್ಯಾಲೆ ಮೊನಿ ಮ್ಯಾಲೆ ತಿರುಗಿ ನಿಲ್ಲತೈತಿ, ಕಲ್ಲಿಗೆ ಸಿಗೂದು ಕಡಿಮಿ.

ಹುಳದ ಬಣ್ಣ ಯಾವುದು, ಪುಕ್ಕ ಯಾವುದು ಅಂತ ಮಂದಿ ಡಬ್ಬಿಗಟ್ಟಲೆ ತುಂಬಕೊಂಡು ತಿರಗತಾರ, ನನ್ನ ಕೇಳಿದ್ರ ಅದೆಲ್ಲಾ ಆಮ್ಯಾಲಿನ ಮಾತು. ಕಂದು ಬಣ್ಣದ್ದ ಒಂದ ಹುಳ, ಅದನ್ನ ಮೂರ ಭಾರದಾಗ ಇಟ್ಕೋರಿ, 2.5 ಮಿಲಿಮೀಟರ್ ಮಣಿ, 2.8, 3.3. ಹುಳ ಒಂದ ಸಲಾನೂ ತಳಕ್ಕ ತಾಗವಲ್ದು ಅಂದ್ರ ಭಾರ ಹೆಚ್ಚ ಮಾಡ್ರಿ, ಪ್ರತಿ ಸಲ ಕಲ್ಲಿಗೆ ಸಿಕ್ಕೊಳ್ಳಾಕತೈತಿ ಅಂದ್ರ ಕಡಿಮಿ ಮಾಡ್ರಿ, ಆಗೊಮ್ಮೆ ಈಗೊಮ್ಮೆ ಟಕ್ ಅಂತ ತಾಗಿದ್ರ ಸರಿ ಐತಿ. ಆಳ ಬದಲಾದಂಗ, ಸೆಳವ ಬದಲಾದಂಗ ಭಾರ ಬದಲಾಗಬೇಕು. ಬ್ಯಾಸರಾಗತೈತಿ ಖರೆ, ಪದೇ ಪದೇ ಗಂಟ ಬಿಚ್ಚಿ ಕಟ್ಟೂದು, ಆದ್ರ ಈ ಬ್ಯಾಸರಾ ಪಡೂದಿಲ್ಲ ಅನ್ನಾಂವ ಬೆಂಡಾನ ಕಟ್ಟಿಕೊಳ್ಳಲಿ.

ಕೋಲು 10 ಫೂಟ್ ಇಲ್ಲಾ 11 ಫೂಟ್, 3 ವೇಟ್, ಅಂದ್ರ ಹಗುರ ಲೈನಿನ ಕೋಲು, ತುದಿ ಮೆತ್ತಗ. ಒಗಿಯೋದು ಹೆಂಗಂದ್ರ, ಹುಳ ನೀರ ಹರದು ಹೋಗೋ ಕಡೆ ಸೆಳವಿನ್ಯಾಗ ಬಿಗಿ ಆಗೂ ತನಕ ಬಿಡ್ರಿ, ನೀರ ಅದನ್ನ ಹಿಡಕೊಂಡಾಗ ಮಣಿಕಟ್ಟಿನಿಂದ ಮ್ಯಾಲಿನ ಕಡೆಗೆ, ಅಂದ್ರ ನೀರ ಬರೋ ದಿಕ್ಕಿಗೆ ಝಾಡಿಸಿ ಕೋಲ ಎತ್ತರದಾಗ ಗಪ್ಪನ ನಿಲ್ಲಸ್ರಿ. ಹಂಗ ನಿಲ್ಲಿಸಿದ್ರ ಹುಳ ಮೊದಲ ನೀರಿಗೆ ಬೀಳತೈತಿ, ದಾರ ಅದರ ಹಿಂದ, ನೆಟ್ಟಗ ತಳಕ್ಕ ಹೋಗತೈತಿ. ದೂರ ಒಗಿಯೋ ಹಟ ಬ್ಯಾಡ, ಕೋಲಿನ ಒಂದೂವರಿ ಎರಡು ಉದ್ದ ಸಾಕು.

ಬಿದ್ದ ಮ್ಯಾಲೆ ಕಲಿಯೋದ ಖರೇ ಶುರು. ಹುಳ ನಿಮ್ಮ ಕಡೆ ಬಂದಂಗ ಕೋಲ ಸಾವಕಾಶ ಎತ್ತಿ ಸಡಲ ತಗೋಬೇಕು, ನಿಮ್ಮನ್ನ ದಾಟಿ ಹೊಂಟ ಮ್ಯಾಲೆ ಕೋಲ ಇಳಿಸಿಕೋತ ಜೋಡಿ ಹೋಗಬೇಕು. ಜಾತ್ರ್ಯಾಗ ಸಣ್ಣ ಕೂಸಿನ ಬೆರಳ ಹಿಡಕೊಂಡು ನಡದಂಗ, ಎಳೀಬಾರದು, ಬಿಡಲೂಬಾರದು. ಸೈಟರ್ ಸೊಟ್ಟ ಆಗಿ ಜೋಲ ಬಿತ್ತು ಅಂದ್ರ ಹುಳದ ಸಂಪರ್ಕ ಹೋತು, ಮೀನ ಬಾಯಾಗ ತಗೊಂಡು ಉಗುಳಿದ್ರೂ ನಿಮಗ ಗೊತ್ತಾಗೂದಿಲ್ಲ. ಬಿಲ್ಲಿನ ಹಗ್ಗದಂಗ ಬಿರ್ರ ಅಂತ ನಿಂತು ಅಂದ್ರ ನೀವ ಎಳ್ಯಾಕತ್ತೀರಿ. ಸರಿ ಐತೋ ಇಲ್ಲೋ ಅಂತ ನೋಡಾಕ ನೀರಿನ ಮ್ಯಾಲಿನ ನೊರಿ ಗುಳ್ಳಿ ನೋಡ್ರಿ, ಸೈಟರ್ ಆ ಗುಳ್ಳಿಗಿಂತ ಹಿಂದ ಬೀಳಬೇಕು, ಗುಳ್ಳಿ ಮುಂದ ಹೋತು ಸೈಟರ್ ನಿಧಾನ ಬಂತು ಅಂದ್ರ ಹುಳ ತಳದ ನೀರಿನ ವೇಗದಾಗ ಐತಿ ಅಂತ ಲೆಕ್ಕ. ಎರಡೂ ಸಮ ಸಮ ಹೊಂಟ್ರ ಹುಳ ಇನ್ನೂ ಮ್ಯಾಲೆ ಐತಿ. ಕೈಯಾಗ ಜಗ್ಗಿದ್ದು ತಿಳಿಯೋ ತನಕ ಕಾಯಬ್ಯಾಡ್ರಿ, ಸೈಟರ್ ನಿಂತು, ಕುಸೀತು, ನಡುಗ್ತು, ಸುಮ್ನ ಒಂದಿಷ್ಟ ಆ ಕಡೆ ಸರೀತು, ಏನಾದ್ರೂ ಆಗಲಿ ಗೇಣಷ್ಟ ಕೋಲ ಎತ್ತರಿ, ನೀರ ಹರಿಯೋ ದಿಕ್ಕಿನ ಕಡೆ. ಹತ್ತರಾಗ ಎಂಟು ಕಲ್ಲ ಇರತಾವ, ಇರಲಿ.

ಟ್ರೌಟ್ ನಮ್ಮ ಕಡೆ ಇಲ್ರಿ, ಅದಕ್ಕ ಥಂಡ ನೀರ ಬೇಕು, ನಮ್ಮ ಕೃಷ್ಣಾ ಘಟಪ್ರಭಾದ ಬ್ಯಾಸಗಿ ನೀರಿಗೆ ತಡ್ಯಾಂಗಿಲ್ಲ. ಅದು ಬ್ರಿಟಿಷರ ಕಾಲದಾಗ ಕಾಶ್ಮೀರ, ಹಿಮಾಚಲ, ನೀಲಗಿರಿ ಗುಡ್ಡದ ಹಳ್ಳಕ್ಕ ತಂದು ಬಿಟ್ಟ ಮೀನ. ಹಿಮಾಚಲದ ಕುಲ್ಲೂ ಜಿಲ್ಲಾದಾಗ ತೀರ್ಥನ್ ಅಂತ ಹೊಳಿ ಐತಿ, ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಒಳಗಿಂದ ಹರದು ಬರತೈತಿ, ಈ ಪದ್ಧತಿಗೆ ಹೇಳಿ ಮಾಡಿಸಿದಂಥ ನೀರು, ದೊಡ್ಡ ದೊಡ್ಡ ಗುಂಡಕಲ್ಲು, ಒಂದೊಂದರ ಹಿಂದೂ ಸಣ್ಣ ಸಣ್ಣ ಗುಂಡಿ. ಅಲ್ಲಿ ಮೀನುಗಾರಿಕೆ ಇಲಾಖೆ ಲೈಸೆನ್ಸ್ ತಗೋಬೇಕು, ನವೆಂಬರ್ 1ರಿಂದ ಫೆಬ್ರವರಿ ಕೊನಿ ತನಕ ಬಂದ್, ಮರಿ ಮಾಡೋ ಹೊತ್ತು.

ಕೈ ರೂಢಿ ಮಾಡಿಕೊಳ್ಳಾಕ ಅಷ್ಟ ದೂರ ಹೋಗೂದು ಬ್ಯಾಡ. ದೀಪಾವಳಿ ಆದ ಮ್ಯಾಲೆ ಮಾರ್ಕಂಡೇಯ ಹೊಳಿ ತಿಳಿ ಆಗಿರತೈತಿ, ಖಾನಾಪುರ ಕಡೆ ಮಲಪ್ರಭಾ ಮೊಣಕಾಲ ಮಟ್ಟ ಕಲ್ಲಿನ ಮ್ಯಾಲೆ ಹರೀತಿರತೈತಿ, ಸಣ್ಣ ಬೆಳ್ಳಿ ಮೀನ ಇದೇ ಹುಳಕ್ಕ ಬಂದು ಬಾಯಿ ಹಾಕತಾವ. ಮುಳ್ಳಿನ ಹಿಂದಿನ ಕೊಕ್ಕಿ ಇಕ್ಕಳದಿಂದ ಒತ್ತಿ ಸಪಾಟ ಮಾಡ್ರಿ, ಬಿಡಸಿ ನೀರಿಗೆ ಬಿಡಾಕ ಸಲೀಸ. ದೇವಸ್ಥಾನದ ಮಡುವಿನ್ಯಾಗ, ಭೀಮಗಡದ ಅಭಯಾರಣ್ಯದ ಒಳಗ ಗಾಳ ಹಾಕೂ ವಿಚಾರಾನ ಬ್ಯಾಡ, ಉಳದ ಕಡೆ ಊರವರನ್ನ ಕೇಳಿ, ಮೀನುಗಾರರ ಸೊಸೈಟಿ ಇದ್ರ ಅವರನ್ನ ಕೇಳಿ ಇಳೀರಿ. ಹಿಡಕಲ್ ಡ್ಯಾಮಿನ ಕೆಳಗ ನಿಲ್ಲೋರು ನೀರ ಬಿಡೋ ಹೊತ್ತ ತಿಳಕೊಂಡ ನಿಲ್ರಿ. ಕೃಷ್ಣಾ ದಂಡಿ, ಅಥಣಿ, ಜಮಖಂಡಿ ಕಡ್ಯಾವ್ರು ಮಾತ್ರ ಸೊಂಟಮಟ ನೀರಾಗ ಇಳದು ಯುರೋಪಿನವರಂಗ ಮಾಡಾಕ ಹೋಗಬ್ಯಾಡ್ರಿ, ಅಲ್ಲಿ ಮೊಸಳಿ ಅದಾವ, ಅವಕ್ಕ ಸೈಟರ್ ಬೇಕಾಗಿಲ್ಲ.

ಮಾರ್ಚ್ 1ಕ್ಕ ತೀರ್ಥನ್ ತೆರೀತೈತಿ. ಅಷ್ಟರಾಗ ಇಲ್ಲೇ ನೊರಿ ಗುಳ್ಳಿ ಸೈಟರ್ ಎರಡನ್ನೂ ಒಟ್ಟಿಗೆ ನೋಡೂದು ಕಣ್ಣಿಗೆ ರೂಢಿ ಆಗಿದ್ರ, ಅಲ್ಲಿ ರೊಕ್ಕ ಕೊಟ್ಟು ಲೈಸೆನ್ಸ್ ತಗೊಂಡ ದಿವಸ ಗಂಟ ಬಿಚ್ಚೂದರಾಗ ಹೋಗೂದಿಲ್ಲ. ಬರತೀನ್ರಿ, ನಮಸ್ಕಾರ.